ಎಇಎಸ್ ಸಮಾವೇಶವೋ, ಮುಂಬೈ ಎಕ್ಸ್‌ಪೋನೋ, ಊರಿನ ಉತ್ಸವವೋ? ಸೌಂಡ್ ಕಲಿಯುವ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ

ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು, ರಾಯಚೂರಿನ ಪಾಲಿಟೆಕ್ನಿಕ್ ಹುಡುಗರು, ಕೊಪ್ಪಳದಲ್ಲಿ ಅಪ್ಪನ ಮೈಕ್ ಸೆಟ್ ಅಂಗಡಿ ನೋಡಿಕೊಳ್ಳುತ್ತಾ ಡಿಗ್ರಿ ಮಾಡುವವರು. ಇವರೆಲ್ಲ ಈಚೆಗೆ ಒಂದೇ ತರಹದ ಪ್ರಶ್ನೆ ಕೇಳುತ್ತಿದ್ದಾರೆ. 'ಸರ್, ಎಇಎಸ್ ಅಂತ ಒಂದು ಸಮಾವೇಶ ಆಗುತ್ತಂತೆ, ವಿದ್ಯಾರ್ಥಿಗಳಿಗೆ ಸ್ಪರ್ಧೆ ಎಲ್ಲ ಇರುತ್ತಂತೆ. ಹೋದ್ರೆ ಉಪಯೋಗ ಇದೆಯಾ? ಅಥವಾ ಮುಂಬೈ ಎಕ್ಸ್‌ಪೋ ಸಾಕಾ?' ಕೆಲವರ ಮನೆಯಲ್ಲಿ ಸಾಲ ಮಾಡಿಯಾದರೂ ಕಳಿಸೋಣ ಅನ್ನುವವರೂ ಇದ್ದಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮುಂಬೈ ಎಕ್ಸ್‌ಪೋ ಅಂದರೆ ಅಲ್ಲಿ ನಡೆಯುವ ಪಾಮ್ ಎಕ್ಸ್‌ಪೋ, ಸೌಂಡ್ ಸಾಮಾನಿನ ವ್ಯಾಪಾರ ಮೇಳ.

ಎಇಎಸ್ ಅಂದರೆ ಆಡಿಯೋ ಎಂಜಿನಿಯರಿಂಗ್ ಸೊಸೈಟಿ. 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸಂಘ. ದೂರದ್ದು ಅನಿಸಿದರೂ ನಿಮ್ಮ ಅಂಗಡಿಯ ಕೇಬಲ್ ಡಬ್ಬಿಯಲ್ಲೇ ಅದರ ಕೆಲಸ ಇದೆ. ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಮೈಕ್ ಜಾಕ್‌ನಲ್ಲಿ ಪಿನ್ 2 ಹಾಟ್ (ಪ್ಲಸ್ ತಂತಿ) ಅಂತ ಸೋಲ್ಡರ್ ಮಾಡ್ತೀರಲ್ಲ, ಅದನ್ನು ಹೇಳುವ ಮಾನದಂಡ ಎಇಎಸ್14. ಡಿಜಿಟಲ್ ಸಿಗ್ನಲ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ರೀತಿಯನ್ನು ಎಇಎಸ್3 ಹೇಳುತ್ತದೆ, ಅದು 1985ರದ್ದು. ನೆಟ್‌ವರ್ಕ್ ಕೇಬಲ್ ಮೇಲೆ ಆಡಿಯೋ ಕಳಿಸುವ ಬೇರೆ ಬೇರೆ ಪದ್ಧತಿಗಳನ್ನು ಹೊಂದಿಸಲು 2013ರಲ್ಲಿ ಎಇಎಸ್67 ಬಂತು. ಸಂಘದ ಸಮಾವೇಶ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಒಂದು ಯುರೋಪಿನಲ್ಲಿ, ಒಂದು ಅಮೆರಿಕದಲ್ಲಿ. 2024ರಲ್ಲಿ ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್, 2025ರಲ್ಲಿ ವಾರ್ಸಾ ಮತ್ತು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್.

ಮೊದಲು ಅಳತೆಗೋಲು

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವುದರಿಂದ ಅಳೆಯಬೇಕು ಅಂತ ನೋಡೋಣ. ನಾನು ಐದು ವಿಷಯ ನೋಡುತ್ತೇನೆ.

ಮೊದಲನೆಯದು, ನಿಮ್ಮ ಕೈಯಲ್ಲಿ ಏನಿದೆ? ಮುಗಿಸಿದ ಒಂದು ರೆಕಾರ್ಡಿಂಗ್, ಓಡುವ ಒಂದು ಸರ್ಕ್ಯೂಟ್, ಕೆಲಸ ಮಾಡುವ ಒಂದು ಪ್ಲಗಿನ್ (ಸೌಂಡ್ ತಂತ್ರಾಂಶದೊಳಗೆ ಸೇರಿಸುವ ಚಿಕ್ಕ ಪ್ರೋಗ್ರಾಂ), ಬರೆದ ಒಂದು ಪ್ರಬಂಧ, ಅಥವಾ ಬರೀ ಆಸಕ್ತಿ. ಉಳಿದ ನಾಲ್ಕೂ ಇದರ ಹಿಂದೆ ಬರುತ್ತವೆ. ವಿದ್ಯಾರ್ಥಿ ಕಾರ್ಯಕ್ರಮಗಳು ಅಂತ ಏನು ಇಟ್ಟಿರುತ್ತಾರೋ ಅದರಲ್ಲಿ ಮುಕ್ಕಾಲು ಭಾಗ, ಏನಾದರೂ ಮಾಡಿಕೊಂಡು ಬಂದವರಿಗೇ ಇರುವುದು. ಖಾಲಿ ಕೈಯಲ್ಲಿ ಹೋದವರು ಕುರ್ಚಿ ಮೇಲೆ ಕೂತು ನೋಡಿ ಬರಬೇಕು ಅಷ್ಟೇ.

ಎರಡನೆಯದು, ನಿಮ್ಮ ಕೆಲಸವನ್ನು ತಿಳಿದವರು ಕೂತು ಕೇಳಿ, 'ಇಲ್ಲಿ ತಪ್ಪಿದೆ' ಅಂತ ಹೇಳುವ ಅವಕಾಶ ಅಲ್ಲಿದೆಯಾ? ಭಾಷಣ ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಇದು ಸಿಗಲ್ಲ.

ಮೂರನೆಯದು ಒಟ್ಟು ಖರ್ಚು. ಟಿಕೆಟ್ ಅಲ್ಲ, ಒಟ್ಟು. ನಾಲ್ಕನೆಯದು ನಿಮ್ಮ ದಾರಿ ಯಾವುದು: ಲೈವ್ ಸೌಂಡ್, ಸ್ಟುಡಿಯೋ, ಹಾರ್ಡ್‌ವೇರ್, ಕೋಡಿಂಗ್. ಐದನೆಯದು ತಾರೀಖು. ಸೆಮಿಸ್ಟರ್ ಪರೀಕ್ಷೆಗೂ ಮದುವೆ ಸೀಸನ್ನಿಗೂ ಅಡ್ಡ ಬರುತ್ತದೆಯಾ? ಮೈಕ್ ಸೆಟ್ ಇರುವ ಮನೆಯವರಿಗೆ ಮದುವೆ ಸೀಸನ್ನೇ ದೊಡ್ಡ ಪ್ರಶ್ನೆ.

ವಿದೇಶದ ಎಇಎಸ್ ಸಮಾವೇಶ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಸಮಾವೇಶದೊಳಗೆ ವಿದ್ಯಾರ್ಥಿಗಳದ್ದೇ ಒಂದು ಸಭೆ ಇರುತ್ತದೆ, ಸ್ಟೂಡೆಂಟ್ ಡೆಲಿಗೇಟ್ ಅಸೆಂಬ್ಲಿ ಅಂತ. ಶುರುವಿನಲ್ಲಿ ಒಮ್ಮೆ ಸೇರುತ್ತಾರೆ, ಮುಗಿಯುವಾಗ ಒಮ್ಮೆ. ಮೊದಲ ಸಭೆಯಲ್ಲಿ ಏನೇನಿದೆ ಅಂತ ಪರಿಚಯ. ಕೊನೆಯದರಲ್ಲಿ ಬಹುಮಾನ, ಪದಾಧಿಕಾರಿಗಳ ಚುನಾವಣೆ. ಹೋಗುವವರು ಮೊದಲ ಸಭೆಯನ್ನು ತಪ್ಪಿಸಬಾರದು. ಅಲ್ಲಿ ಪಕ್ಕದಲ್ಲಿ ಕೂತವರೇ ಮುಂದಿನ ದಿನಗಳಿಗೆ ನಿಮ್ಮ ಜೊತೆಗಾರರು.

ಎಲ್ಲರ ಬಾಯಲ್ಲಿ ಇರುವುದು ರೆಕಾರ್ಡಿಂಗ್ ಸ್ಪರ್ಧೆ. ಇದರಲ್ಲಿ ನಾಲ್ಕು ವಿಭಾಗ. ಒಂದು, ವಾದ್ಯ ಮತ್ತು ಗಾಯನವನ್ನು ಒಂದು ಜಾಗದಲ್ಲಿ ನೇರವಾಗಿ ಹಿಡಿಯುವ ಸಾಂಪ್ರದಾಯಿಕ ಅಕೌಸ್ಟಿಕ್ ರೆಕಾರ್ಡಿಂಗ್. ಎರಡು, ಸಾಂಪ್ರದಾಯಿಕ ಸ್ಟುಡಿಯೋ ರೆಕಾರ್ಡಿಂಗ್. ಮೂರು, ಆಧುನಿಕ ಸ್ಟುಡಿಯೋ ಮತ್ತು ಎಲೆಕ್ಟ್ರಾನಿಕ್ ಸಂಗೀತ. ನಾಲ್ಕು, ದೃಶ್ಯ ಮಾಧ್ಯಮಕ್ಕೆ ಸೌಂಡ್. ಸೇರಲು ಸಂಘದ ವಿದ್ಯಾರ್ಥಿ ಸದಸ್ಯರಾಗಿರಬೇಕು, ಕೆಲಸ ವಿದ್ಯಾರ್ಥಿಯದೇ ಆಗಿರಬೇಕು. ಕೊನೆಯ ಸುತ್ತಿಗೆ ಬಂದವರು ತೀರ್ಪುಗಾರರ ಮುಂದೆ ತಮ್ಮ ಕೆಲಸ ಕೇಳಿಸಿ ವಿವರಿಸುತ್ತಾರೆ.

ನಮ್ಮ ಹುಡುಗರು ಕಣ್ಣು ಮುಚ್ಚಿ ಮೂರನೇ ವಿಭಾಗಕ್ಕೆ ಹೋಗಲು ನೋಡುತ್ತಾರೆ. ಲ್ಯಾಪ್‌ಟಾಪ್ ಒಂದಿದ್ದರೆ ಬೀಟ್ ಮಾಡಬಹುದಲ್ವಾ ಅಂತ. ನನ್ನ ಅಭಿಪ್ರಾಯ ಬೇರೆ. ಅದರಲ್ಲಿ ನಿಮ್ಮ ಎದುರು ಇರುವವರು ದೊಡ್ಡ ಸ್ಟುಡಿಯೋ ಇರುವ ಕಾಲೇಜುಗಳವರು. ಮೊದಲನೇ ವಿಭಾಗದಲ್ಲಿ ಮಾತ್ರ ನಿಮ್ಮ ಹತ್ತಿರ ಅವರಿಗೆ ಇಲ್ಲದ್ದು ಇದೆ. ತತ್ವಪದ ಹಾಡುವವರು, ಬಯಲಾಟದ ಮೇಳ, ಹಾರ್ಮೋನಿಯಂ ತಬಲಾದ ಭಜನೆ ತಂಡ, ಬುರ್ರಕಥೆ. ಕೈಗೆಟುಕುವ ದೂರದಲ್ಲಿ ಇವೆಲ್ಲ ಇವೆ. ಎರಡು ಒಂದೇ ತರಹದ ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕ್ ತಗೊಂಡು 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಇಡಿ. ಇದನ್ನು ಓಆರ್‌ಟಿಎಫ್ ಅನ್ನುತ್ತಾರೆ. ಊರಿನ ಮಠದ ಹಳೆಯ ಕಲ್ಲಿನ ಮಂಟಪದಲ್ಲಿ ತಂಡವನ್ನು ಅರ್ಧ ಚಂದ್ರಾಕಾರದಲ್ಲಿ ಕೂರಿಸಿ. ಮೈಕ್ ಅನ್ನು ಹಿಂದೆ ಮುಂದೆ ಸರಿಸುತ್ತಾ, ನೇರ ದನಿ ಎಷ್ಟು, ಕಲ್ಲಿನಿಂದ ಮರಳಿ ಬರುವ ದನಿ ಎಷ್ಟು ಅಂತ ಕಿವಿಯಲ್ಲಿ ತೂಗಿ ನಿಲ್ಲಿಸಿ. ಇದಕ್ಕೆ ಲಕ್ಷ ರೂಪಾಯಿ ಸ್ಟುಡಿಯೋ ಬೇಡ. ಎಚ್ಚರ ಒಂದೇ: ಹಂಪಿಯಂಥ ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಸ್ಟ್ಯಾಂಡ್ ಹೂಡಲು ಅನುಮತಿ ಬೇಕು. ಸುಮ್ನೆ ಹೋಗಿ ನಿಂತರೆ ಕಾವಲುಗಾರರು ಎಬ್ಬಿಸುತ್ತಾರೆ.

ನಾಲ್ಕನೇ ವಿಭಾಗಕ್ಕೂ ನಮ್ಮಲ್ಲಿ ವಸ್ತು ಇದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆ ಆಟಕ್ಕೆ. ಆ ಆಟದಲ್ಲಿ ಪರದೆ ಹಿಂದಿನ ಮಾತು, ತಾಳ, ಕೂಗು ಎಲ್ಲ ಸೇರಿ ದೃಶ್ಯ ಕಟ್ಟುತ್ತವೆ. ಯಾವುದಾದರೂ ತಂಡದ ಒಪ್ಪಿಗೆ ಕೇಳಿ, ಕೂಲಿ ಕೊಟ್ಟು, ಹೆಸರು ಹಾಕಿ ಒಂದು ಚಿಕ್ಕ ತುಣುಕಿಗೆ ಸೌಂಡ್ ಮಾಡಿದರೆ ಎಲ್ಲೂ ಸಿಗದ ಕೆಲಸವಾಗುತ್ತದೆ. ಕಲಾವಿದರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಕಳಿಸಬೇಡಿ. ಹಾಗೆ ಮಾಡುವವರು ನಮ್ಮಲ್ಲಿ ಇದ್ದಾರೆ, ಅದಕ್ಕೇ ಹೇಳಿದೆ.

ಸ್ಪರ್ಧೆಗಿಂತ ನನಗೆ ಇಷ್ಟವಾದದ್ದು ರೆಕಾರ್ಡಿಂಗ್ ಕ್ರಿಟಿಕ್. ಇದರಲ್ಲಿ ಬಹುಮಾನ ಇಲ್ಲ. ನಿಮ್ಮ ಟ್ರ್ಯಾಕ್ ತಗೊಂಡು ಹೋಗಿ ಹೆಸರು ಬರೆಸುತ್ತೀರಿ. ಅನುಭವಸ್ಥ ಎಂಜಿನಿಯರ್‌ಗಳು ಒಳ್ಳೆಯ ಸ್ಪೀಕರ್‌ನಲ್ಲಿ ಎಲ್ಲರ ಮುಂದೆ ಅದನ್ನು ಕೇಳಿ, ಕಂಡದ್ದು ಹೇಳುತ್ತಾರೆ. ಗಾಯನ ಮುಂದೆ ಬಂತು, ಬೇಸ್ ಕಲಸಿಹೋಗಿದೆ, ರಿವರ್ಬ್ (ಮರುದನಿ) ಸುಳ್ಳು ಅನಿಸುತ್ತದೆ, ಹೀಗೆ. ಸಮಯ ಕಮ್ಮಿ, ಹೆಸರು ಬೇಗ ತುಂಬುತ್ತವೆ. ಆದರೆ ಇನ್ನೊಬ್ಬರ ಟ್ರ್ಯಾಕ್‌ಗೆ ಅವರು ಹೇಳಿದ್ದೂ ನಿಮಗೆ ಪಾಠವೇ. ನನ್ನ ಎರಡನೇ ಅಳತೆಗೋಲಿಗೆ ಇದಕ್ಕಿಂತ ಸರಿಯಾಗಿ ಹೊಂದುವುದು ಇನ್ನೊಂದಿಲ್ಲ. ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬರದಿದ್ದರೆ ನಿಮಗೆ ಸಿಗುವುದು ಅಷ್ಟಕ್ಕಷ್ಟೇ. ಕ್ರಿಟಿಕ್‌ನಲ್ಲಿ ಸರದಿ ಬಂದವರಿಗೆಲ್ಲ ಏನಾದರೂ ಸಿಗುತ್ತದೆ.

ಹಾರ್ಡ್‌ವೇರ್ ಕೈಗೆ ಒಗ್ಗಿದವರಿಗೆ ಡಿಸೈನ್ ಸ್ಪರ್ಧೆ ಇದೆ. ನೀವೇ ಮಾಡಿದ ಪ್ರೀಆಂಪ್, ಸ್ಪೀಕರ್, ಎಫೆಕ್ಟ್ ಬಾಕ್ಸ್, ಸಾಫ್ಟ್‌ವೇರ್, ಯಾವುದಾದರೂ ಸರಿ, ಮೇಜಿನ ಮೇಲೆ ಇಟ್ಟು ತೋರಿಸಬೇಕು. ತೀರ್ಪುಗಾರರು ಬಂದು ಪ್ರಶ್ನೆ ಕೇಳುತ್ತಾರೆ: ಈ ಕೆಪಾಸಿಟರ್ ಯಾಕೆ, ನಾಯ್ಸ್ ಎಷ್ಟು, ಬೆಲೆ ಎಷ್ಟು ಬೀಳುತ್ತೆ? ಎಲೆಕ್ಟ್ರಾನಿಕ್ಸ್ ಓದುವವರಿಗೆ ಕೊನೆ ವರ್ಷದ ಪ್ರಾಜೆಕ್ಟ್ ಇದ್ದೇ ಇರುತ್ತದೆ. ಅದನ್ನು ಅಂಗಡಿಯಿಂದ ಕೊಂಡು ತರುವ ಬದಲು ಇಲ್ಲಿಗೆ ಹೊಂದುವಂತೆ ಮಾಡಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ತೊಂದರೆ ಸಾಗಣೆಯದು. ತಂತಿ ಹೊರಬಿದ್ದ ಡಬ್ಬಿಯನ್ನು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಹಾಕಿದರೆ ಉತ್ತರ ಕೊಟ್ಟು ಸಾಕಾಗುತ್ತದೆ. ಲಿಥಿಯಂ ಬ್ಯಾಟರಿ ಬಿಡಿಯಾಗಿ ಇದ್ದರೆ ಕೈಚೀಲದಲ್ಲೇ ಇರಬೇಕು. ಕೋಡ್ ಬರೆಯುವವರಿಗೆ ಈ ತಲೆನೋವಿಲ್ಲ. ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ತಂತ್ರಾಂಶದಲ್ಲಿ ಮಾಡಿದ ಆಡಿಯೋ ಪ್ಲಗಿನ್‌ಗೆ ಪ್ರತ್ಯೇಕ ವಿದ್ಯಾರ್ಥಿ ಸ್ಪರ್ಧೆಯನ್ನೂ ಈ ಸಮಾವೇಶಗಳಲ್ಲಿ ನಡೆಸಿದ್ದಾರೆ. ಬಳ್ಳಾರಿಯ ಕಾಲೇಜುಗಳಾಗಲಿ, 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ ಆಗಲಿ, ಪ್ರೋಗ್ರಾಮಿಂಗ್ ಕಡೆ ಒಲವಿರುವವರು ಇದರ ಮೇಲೆ ಕಣ್ಣಿಡಬಹುದು.

ಸಮಾವೇಶದೊಳಗೇ ನಡೆಯುವ ಉದ್ಯೋಗ ಮತ್ತು ಶಿಕ್ಷಣ ಮೇಳದ ಬಗ್ಗೆ ಹೆಚ್ಚು ಆಸೆ ಬೇಡ. ಕೆಲಸಕ್ಕೆ ಅಂತ ಹೋದರೆ ವೀಸಾ ಮಾತು ಬಂದಾಗ ಸಂಭಾಷಣೆ ಅಲ್ಲೇ ನಿಲ್ಲುತ್ತದೆ. ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಯೋಚನೆ ಇದ್ದರೆ ಮಾತ್ರ ಲಾಭ. ಕಾಲೇಜಿನವರನ್ನೇ ಎದುರು ಕೂತು ಕೇಳಬಹುದು.

ಪ್ರಬಂಧ ಮಂಡನೆ, ಪೋಸ್ಟರ್, ಪ್ರದರ್ಶನ, ಸ್ಟುಡಿಯೋ ಭೇಟಿಗಳು ಇರುತ್ತವೆ. ಕೆಲವು ಭೇಟಿಗಳಿಗೆ ಬೇರೆ ಟಿಕೆಟ್ ಇರಬಹುದು. ಪ್ರದರ್ಶನ ನೋಡಲಿಕ್ಕೆ ಅಂತಲೇ ಅಷ್ಟು ದೂರ ಹೋಗಬೇಡಿ.

ಈಗ ಖರ್ಚು. ನನ್ನ ಲೆಕ್ಕದಲ್ಲಿ ಯುರೋಪಿಗೆ ಮೂರು ನಾಲ್ಕು ರಾತ್ರಿ ಹೋಗಿಬರಲು ಒಂದೂವರೆ ಎರಡು ಲಕ್ಷ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ವೀಸಾ ತಿರಸ್ಕಾರವಾದರೂ ಆ ಹಣ ವಾಪಸ್ ಬರಲ್ಲ. ಅಮೆರಿಕಕ್ಕೆ ಇನ್ನೂ ಜಾಸ್ತಿ, ಸಂದರ್ಶನಕ್ಕೆ ಹೈದರಾಬಾದ್ ಅಥವಾ ಚೆನ್ನೈಗೆ ಓಡಾಟ ಬೇರೆ. ಸ್ವಯಂಸೇವಕರಾಗಿ ಕೆಲವು ತಾಸು ಕೆಲಸ ಮಾಡಿದ ವಿದ್ಯಾರ್ಥಿಗಳಿಗೆ ಪ್ರವೇಶ ಪಾಸ್ ಕೊಡುವ ಪದ್ಧತಿ ಇದೆ. ಕೇಬಲ್ ಎಳೆಯುವುದು, ಬಾಗಿಲಲ್ಲಿ ನಿಲ್ಲುವುದು, ಹಾಲ್‌ನಲ್ಲಿ ಮೈಕ್ ಕೊಡುವುದು, ಇಂಥವು. ಪಾಸ್ ದುಡ್ಡು ಉಳಿಯುವುದರ ಜೊತೆಗೆ ಮಾತಾಡಲು ನೆಪವೂ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾತಾಡಲು ಹಿಂಜರಿಯುವವರಿಗೆ ಇದು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವುದಕ್ಕಿಂತ ಸುಲಭ. ಆದರೆ ವಿಮಾನದ ದುಡ್ಡು ಇದರಿಂದ ಹುಟ್ಟಲ್ಲ.

ಮನೆಯಲ್ಲೇ ಕೂತು ಸದಸ್ಯರಾಗುವುದು

ಇದನ್ನು ಯಾರೂ ಒಂದು ಆಯ್ಕೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ವಿದ್ಯಾರ್ಥಿ ಸದಸ್ಯತ್ವದ ಶುಲ್ಕ ಪೂರ್ಣ ಸದಸ್ಯತ್ವಕ್ಕಿಂತ ಬಹಳ ಕಮ್ಮಿ. ಸಂಘದ ಪತ್ರಿಕೆ 1953ರಿಂದ ಬರುತ್ತಿದೆ. ಅಷ್ಟು ವರ್ಷಗಳ ಬರಹ, ಸಮಾವೇಶದ ಪ್ರಬಂಧಗಳು ಎಲ್ಲ ಆನ್‌ಲೈನ್ ಗ್ರಂಥಾಲಯದಲ್ಲಿವೆ. ಸ್ಪರ್ಧೆಗೆ ಕಳಿಸಲು ಸದಸ್ಯತ್ವ ಹೇಗೂ ಬೇಕು. ಹಾಗಾಗಿ ಮೊದಲ ವರ್ಷ ಸದಸ್ಯರಾಗಿ, ಒಂದು ಕೆಲಸ ಕಳಿಸಿ, ಆಯ್ಕೆಯಾದರೆ ಮಾತ್ರ ಪ್ರಯಾಣದ ಬಗ್ಗೆ ಯೋಚನೆ ಮಾಡಿದರೆ ಜೇಬಿಗೆ ಪೆಟ್ಟಿಲ್ಲ. ಕೊನೆಯ ಸುತ್ತಿಗೆ ಖುದ್ದಾಗಿ ಇರಲೇಬೇಕಾ ಅನ್ನುವುದನ್ನು ಆ ಸಲದ ನಿಯಮದಲ್ಲಿ ಓದಿಕೊಂಡೇ ಕಳಿಸಿ.

ಭಾರತಕ್ಕೂ ಸಂಘದ ಒಂದು ವಿಭಾಗ ಇದೆ. ಕಾಲೇಜಿನಲ್ಲೇ ವಿದ್ಯಾರ್ಥಿ ವಿಭಾಗ ಮಾಡಿಕೊಳ್ಳಲೂ ಬರುತ್ತದೆ. ಅದಕ್ಕೆ ಕೆಲವು ಸದಸ್ಯರು, ಸಲಹೆಗಾರರಾಗಿ ಒಬ್ಬ ಅಧ್ಯಾಪಕರು ಬೇಕು. ಆಸಕ್ತಿ ಇರುವ ಲೆಕ್ಚರರ್ ಸಿಕ್ಕರೆ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಇದು ಆಗದ ಕೆಲಸವಲ್ಲ.

ಕೊರತೆ ಅಂದರೆ ಶಿಸ್ತು. ಯಾರೂ ಎಬ್ಬಿಸಲ್ಲ, ಯಾರೂ ಕೇಳಲ್ಲ. ಸದಸ್ಯತ್ವ ತಗೊಂಡು ಒಮ್ಮೆಯೂ ಲಾಗಿನ್ ಆಗದವರೂ ಇದ್ದಾರೆ.

ಮುಂಬೈನ ಪಾಮ್ ಎಕ್ಸ್‌ಪೋ

ಸಾಮಾನ್ಯವಾಗಿ ಮೇ ಕೊನೆ, ಜೂನ್ ಮೊದಲಿಗೆ ಗೋರೆಗಾಂವ್‌ನ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ನಡೆಯುತ್ತದೆ. ಇದು ಎಇಎಸ್ ತರಹದ್ದಲ್ಲ. ಮೂಲತಃ ವ್ಯಾಪಾರ ಮೇಳ. ಸ್ಪೀಕರ್, ಆಂಪ್ಲಿಫೈಯರ್, ಮಿಕ್ಸರ್, ಲೈಟ್, ಟ್ರಸ್ (ಲೈಟ್ ಕಟ್ಟುವ ಕಂಬಿ ಚೌಕಟ್ಟು) ಎಲ್ಲ ಬಂದು ಕೂತಿರುತ್ತವೆ. ಲೈನ್ ಅರೇಗಳನ್ನು (ಒಂದರ ಕೆಳಗೊಂದು ಜೋಡಿಸಿದ ಸ್ಪೀಕರ್ ಸಾಲು) ಜೋರಾಗಿ ನುಡಿಸಿ ಕೇಳಿಸುತ್ತಾರೆ. ಸೆಮಿನಾರ್‌ಗಳೂ ಇರುತ್ತವೆ, ಅವುಗಳ ಶುಲ್ಕ ಬೇರೆ. ರೆಕಾರ್ಡಿಂಗ್ ಕ್ಷೇತ್ರದ ಇರಾ ಪ್ರಶಸ್ತಿಗಳೂ ಈ ಮೇಳದ ಜೊತೆಗೇ ನಡೆದುಕೊಂಡು ಬಂದಿವೆ.

ರಾಯಚೂರಿನವರಿಗೆ ಇದು ಅನುಕೂಲ. ಉದ್ಯಾನ್ ಎಕ್ಸ್‌ಪ್ರೆಸ್ ಊರ ಮೇಲೇ ಹೋಗುತ್ತದೆ. ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಅದೇ ಗಾಡಿ ಹತ್ತಬಹುದು. ಕೊಪ್ಪಳದವರಿಗೆ ಗದಗಿನ ಕಡೆಯಿಂದ ಮುಂಬೈ ಗಾಡಿ ಇದೆ. ಸ್ಲೀಪರ್‌ನಲ್ಲಿ ಹೋಗಿ, ಇಬ್ಬರು ಮೂವರು ಸೇರಿ ರೂಮ್ ಮಾಡಿದರೆ ಊಟ ಸೇರಿ ತಲೆಗೆ ₹7,000, ₹8,000ದಲ್ಲಿ ಮುಗಿಯುತ್ತದೆ. ಮೇ ತಿಂಗಳ ರಜಾ ನೂಕುನುಗ್ಗಲಿನಲ್ಲಿ ಟಿಕೆಟ್ ಸಿಗುವುದು ಕಷ್ಟ, ಮೊದಲೇ ಕಾಯ್ದಿರಿಸಿ. ಭಾಷೆಯ ತೊಂದರೆಯೂ ಇಲ್ಲ. ರಾಯಚೂರಿನ ದಖನಿ ಉರ್ದು ಬಂದರೆ ಗೋರೆಗಾಂವ್‌ನ ಯಾವ ಸ್ಟಾಲ್‌ನಲ್ಲೂ ಮಾತು ನಡೆಯುತ್ತದೆ.

ಲೈವ್ ಸೌಂಡ್ ಮಾಡುವವರಿಗೆ, ಅದರಲ್ಲೂ ಮನೆಯ ಮೈಕ್ ಸೆಟ್ ವ್ಯವಹಾರವನ್ನು ಮೇಲೆತ್ತಬೇಕು ಅನ್ನುವವರಿಗೆ, ನಾನು ಇದನ್ನೇ ಹೇಳುತ್ತೇನೆ. ಹೊಸಪೇಟೆಯಲ್ಲೋ ಸಿಂಧನೂರಿನಲ್ಲೋ ಸಿಗದ ಬ್ರಾಂಡ್‌ಗಳನ್ನು ಒಂದೇ ದಿನ ಪಕ್ಕಪಕ್ಕ ಕೇಳಬಹುದು. ಸರ್ವೀಸ್ ಎಂಜಿನಿಯರ್ ಜೊತೆ ಮಾತಾಡಬಹುದು. ಆಂಪ್ಲಿಫೈಯರ್ ಬಿಸಿಲಿಗೆ ಟ್ರಿಪ್ ಆಗುವುದು ನಮ್ಮ ಕಡೆಯ ಖಾಯಂ ಕಾಯಿಲೆ. ಅದನ್ನು ಮಾರುವವನ ಬಾಯಿಂದ ಅಲ್ಲ, ರಿಪೇರಿ ಮಾಡುವವನ ಬಾಯಿಂದ ಕೇಳಿ.

ಆದರೆ ಎರಡನೇ ಅಳತೆಗೋಲಿನಲ್ಲಿ ಇದು ಸೋಲುತ್ತದೆ. ನಿಮ್ಮ ಟ್ರ್ಯಾಕ್ ಕೂತು ಕೇಳಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಎಲ್ಲರೂ ಮಾರಲು ಬಂದವರು. ಕೈಯಲ್ಲಿ ಖರೀದಿಯ ಶಕ್ತಿ ಇಲ್ಲದ ವಿದ್ಯಾರ್ಥಿಗೆ ಸಂಜೆ ಹೊತ್ತು ಯಾರೂ ಮುಖ ಕೊಡಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಜನ ಕಮ್ಮಿ ಇರುವಾಗ ಕೇಳಿದರೆ ಒಳ್ಳೆಯ ಉತ್ತರ ಸಿಗುತ್ತದೆ. ಇನ್ನೊಂದು ಮಾತು, ಅಲ್ಲಿ ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿ ಕೇಳುತ್ತದೆ. ಎರಡು ಸಿಸ್ಟಂ ಹೋಲಿಸಬೇಕಾದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಹಾಡನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಒಂದೇ ಮಟ್ಟದ ವಾಲ್ಯೂಮ್‌ನಲ್ಲಿ ಕೇಳಿ.

ಹೈದರಾಬಾದ್, ಬೆಂಗಳೂರಿಗೆ ಬರುವ ಸಂಶೋಧನಾ ಸಮ್ಮೇಳನಗಳು

ದನಿಯನ್ನು ಗಣಿತವಾಗಿ ನೋಡುವವರಿಗೆ ಮಾತ್ರ. ಮಾತಿನ ತಂತ್ರಜ್ಞಾನದ ಸಮ್ಮೇಳನ ಇಂಟರ್‌ಸ್ಪೀಚ್ 2018ರಲ್ಲಿ ಹೈದರಾಬಾದ್‌ನಲ್ಲಿ ನಡೆಯಿತು. ಸಂಗೀತ ಮಾಹಿತಿ ಸಂಶೋಧನೆಯ ಇಸ್ಮಿರ್ 2022ರಲ್ಲಿ ಬೆಂಗಳೂರಿಗೆ ಬಂತು. ಸಿಗ್ನಲ್ ಪ್ರೊಸೆಸಿಂಗ್‌ನ ದೊಡ್ಡ ಸಮ್ಮೇಳನ ಐಕಾಸ್ಪ್ 2025ರ ಏಪ್ರಿಲ್‌ನಲ್ಲಿ ಮತ್ತೆ ಹೈದರಾಬಾದ್‌ನಲ್ಲೇ. ರಾಯಚೂರಿನಿಂದ ಹೈದರಾಬಾದ್‌ಗೆ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟ ಅಲ್ಲೇ. ಪ್ರಯಾಣ ಅಗ್ಗ, ನೋಂದಣಿ ಶುಲ್ಕ ಮಾತ್ರ ಪ್ರಯಾಣಕ್ಕಿಂತ ಜಾಸ್ತಿ ಇರುತ್ತದೆ. ಪ್ರತಿ ವರ್ಷ ದೇಶ ಬದಲಾಗುವುದರಿಂದ ಇವು ನಮ್ಮ ಹತ್ತಿರ ಬಂದಾಗ ಹಿಡಿಯಬೇಕು. ಸ್ಟುಡಿಯೋ, ಲೈವ್ ಆಸಕ್ತಿ ಇರುವವರು ಇಲ್ಲಿ ಹೋಗಿ ಕೂತರೆ ಮೊದಲ ತಾಸಿನಲ್ಲೇ ಆಕಳಿಕೆ ಬರುತ್ತದೆ. ಎಂಟೆಕ್, ಪಿಎಚ್‌ಡಿ ಯೋಚನೆ ಇರುವವರಿಗೆ ಚಿನ್ನದಂಥ ಅವಕಾಶ.

ಊರಿನ ಉತ್ಸವ, ಜಾತ್ರೆ, ಕಂಪನಿ ನಾಟಕ

ಇದಕ್ಕೆ ಪಾಸ್ ಬೇಡ, ವೀಸಾ ಬೇಡ. ದೊಡ್ಡ ಸೌಂಡ್ ಸಿಸ್ಟಂನವರ ಜೊತೆ ಹುಡುಗನಾಗಿ ಸೇರಿಕೊಳ್ಳಬೇಕು. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆ. ಆಮೇಲೆ ಹಂಪಿ ಉತ್ಸವ, ಆನೆಗೊಂದಿ ಉತ್ಸವ, ಸರ್ಕಾರ ತಾರೀಖು ಇಟ್ಟಾಗ. ಬಳ್ಳಾರಿಯ ರಾಘವ ಕಲಾಮಂದಿರದಂಥ ರಂಗಮಂದಿರಗಳಲ್ಲಿ ನಾಟಕ.

ಕಲಿಯುವುದು ಏನು? ಉದಾಹರಣೆಗೆ ಡಿಲೇ. ವೇದಿಕೆಯಿಂದ 50 ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದರೆ, ಅದರ ದನಿಯನ್ನು ತಡಮಾಡಿ ಬಿಡಬೇಕು. ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಎಷ್ಟು ತಡ? ದನಿಯ ವೇಗ ಬಿಸಿಯ ಮೇಲೆ ನಿಂತಿದೆ. 40 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 355 ಮೀಟರ್, 25 ಡಿಗ್ರಿಯಲ್ಲಿ ಸುಮಾರು 346. ಅಂದರೆ ಬಳ್ಳಾರಿಯ ಬಿಸಿಲಲ್ಲಿ ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ಸುಮಾರು 141 ಮಿಲಿಸೆಕೆಂಡ್ ಇಟ್ಟದ್ದು, ರಾತ್ರಿ ಕಾರ್ಯಕ್ರಮದ ಹೊತ್ತಿಗೆ 144ರ ಮೇಲೆ ಇಡಬೇಕಾಗುತ್ತದೆ. ದೂರ ಹೆಚ್ಚಿದಷ್ಟು ವ್ಯತ್ಯಾಸವೂ ಹೆಚ್ಚು. ಪುಸ್ತಕದಲ್ಲಿ ಒಂದು ಸಾಲು ಇದು. ಮೈದಾನದಲ್ಲಿ ನಿಂತು ಕೇಳಿದರೆ ಮರೆಯಲ್ಲ. ಜನರೇಟರ್ ಅರ್ಥಿಂಗ್ ಸರಿ ಇಲ್ಲದೆ ಹಮ್ ಬರುವುದು, ಗೇನ್ ಜಾಸ್ತಿಯಾಗಿ ಮೈಕ್ ಕುಂಯ್ ಅನ್ನುವುದು, ಗಾಳಿಗೆ ದನಿ ಒಂದು ಕಡೆ ಹೋಗುವುದು, ಎಲ್ಲದಕ್ಕೂ ಇಲ್ಲಿ ಪ್ರಾಕ್ಟಿಕಲ್ ಇದೆ.

ಕೊರತೆ ಎರಡು. ಒಂದು, ಯಾಕೆ ಅಂತ ಹೇಳುವವರು ಕಮ್ಮಿ. 'ಹಿಂಗೇ ಮಾಡೋದಪ್ಪ, ಸುಮ್ನಿರು' ಅನ್ನುವ ಅಣ್ಣಂದಿರೇ ಜಾಸ್ತಿ. ಎರಡು, ಕಿವಿ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯಾಶ್ ಸಂಸ್ಥೆಯ ಶಿಫಾರಸು ದಿನಕ್ಕೆ 8 ತಾಸಿಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ನಲ್ಲಿ 15 ನಿಮಿಷ ಅಷ್ಟೇ. ಸಬ್‌ವೂಫರ್ (ಬೇಸ್ ಸ್ಪೀಕರ್) ಪಕ್ಕ ರಾತ್ರಿಯಿಡೀ ನಿಂತರೆ ಏನಾಗುತ್ತೆ ಲೆಕ್ಕ ಹಾಕಿ. ಇಯರ್ ಪ್ಲಗ್ ಕಿಸೆಯಲ್ಲಿರಲಿ, ನಗುವವರು ನಗಲಿ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ₹5,000ಕ್ಕಿಂತ ಕಮ್ಮಿ ಇದ್ದು, ಮುಗಿಸಿದ ಕೆಲಸ ಒಂದೂ ಇಲ್ಲದವರು ಎಲ್ಲಿಗೂ ಹೋಗಬೇಡಿ. ಒಂದು ಸೀಸನ್ ಉತ್ಸವದಲ್ಲಿ ದುಡಿಯಿರಿ. ಬಂದ ಕೂಲಿಯಲ್ಲಿ ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ (ಮೈಕ್ ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಡಬ್ಬಿ) ಕೊಳ್ಳಿ. ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಅಳತೆ ತಂತ್ರಾಂಶ ಉಚಿತ. ಅದನ್ನು ಹಾಕಿ ನಿಮ್ಮೂರ ಕಲ್ಯಾಣ ಮಂಟಪದ ಗದ್ದಲಕ್ಕೆ ಕಾರಣ ಹುಡುಕಿ. ಅದೇ ನಿಮ್ಮ ಮೊದಲ ಪ್ರಾಜೆಕ್ಟ್.

ಹತ್ತು ಸಾವಿರದ ಆಸುಪಾಸು ಇದ್ದು, ದಾರಿ ಲೈವ್ ಸೌಂಡ್ ಅಂತ ಖಚಿತ ಇರುವವರು ಮುಂಬೈಗೆ ಹೋಗಿ. ಎರಡು ದಿನ ಸಾಕು. ಅಷ್ಟೇ ಹಣ ಇದ್ದು ದಾರಿ ಸ್ಟುಡಿಯೋ ಆಗಿದ್ದರೆ ಮುಂಬೈ ಬೇಡ. ವಿದ್ಯಾರ್ಥಿ ಸದಸ್ಯತ್ವ, ಒಂದು ಜೊತೆ ಮೈಕ್, ಭಜನೆ ತಂಡಕ್ಕೆ ಸಂಭಾವನೆ, ಇವಕ್ಕೆ ಹಾಕಿ ಸ್ಪರ್ಧೆಗೆ ಒಂದು ಟ್ರ್ಯಾಕ್ ತಯಾರು ಮಾಡಿ. ಇಲ್ಲಿ ನನ್ನ ಜೊತೆ ಜಗಳ ಆಡುವವರಿದ್ದಾರೆ, ಮುಂಬೈ ನೋಡಿದರೆ ಕಣ್ಣು ತೆರೆಯುತ್ತೆ ಅಂತ. ಸ್ಟುಡಿಯೋದವರಿಗೆ ತೆರೆಯಬೇಕಾದ್ದು ಕಿವಿ ಅಲ್ವಾ?

ಲಕ್ಷಗಟ್ಟಲೆ ಹಾಕುವ ಶಕ್ತಿ ಇರುವವರಿಗೂ ನನ್ನದು ಒಂದು ಷರತ್ತು. ಸ್ಪರ್ಧೆಯಲ್ಲೋ ಡಿಸೈನ್‌ನಲ್ಲೋ ಆಯ್ಕೆಯಾಗಿರಬೇಕು, ಪ್ರಬಂಧ ಒಪ್ಪಿಗೆಯಾಗಿರಬೇಕು, ಅಥವಾ ಕನಿಷ್ಠ ಕ್ರಿಟಿಕ್‌ನಲ್ಲಿ ನಾಚಿಕೆ ಇಲ್ಲದೆ ಕೇಳಿಸುವಂಥ ಮೂರು ಟ್ರ್ಯಾಕ್ ಇರಬೇಕು. ಯಾವುದೂ ಇಲ್ಲದಿದ್ದರೆ ಆ ಹಣದಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ರೂಮನ್ನೇ ಬಳ್ಳಾರಿಯಲ್ಲಿ ಮಾಡಬಹುದು. ಹೋಗುವುದಾದರೆ ಮೊದಲ ಸಲ ಯುರೋಪ್ ಒಳ್ಳೆಯದು. ಖರ್ಚು ಕಮ್ಮಿ, ವೀಸಾ ಅರ್ಜಿಗೆ ಬೆಂಗಳೂರು ಸಾಕು. ದಸರಾ ಹೊತ್ತಿಗೆ ಬರುವ ಅಮೆರಿಕದ ಸಮಾವೇಶ ಮೈಕ್ ಸೆಟ್ ಮನೆಯವರಿಗೆ ಹೊಂದುವುದೂ ಇಲ್ಲ, ಆಗ ದುಡಿಮೆಯ ದಿನಗಳು.

ನಿಮ್ಮಲ್ಲಿ ನಾಲ್ಕಾರು ಜನ ಒಂದೇ ಊರಿನವರಿದ್ದರೆ ಕ್ರಿಟಿಕ್ ಸಭೆಯನ್ನು ಇಲ್ಲೇ ಶುರು ಮಾಡಬಹುದು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಒಂದೇ ಜೊತೆ ಸ್ಪೀಕರ್‌ನಲ್ಲಿ ಎಲ್ಲರ ಕೆಲಸ ಕೇಳಿ. ಮಾಡಿದವರು ಮಾತಾಡಬಾರದು, ಕೇಳಿದವರು ಮಾತ್ರ ಮಾತಾಡಬೇಕು. ಸಿನಿಮಾ ಹಾಡಿಗೆ ಹೋಲಿಸಿ ಹೊಗಳುವುದು ನಿಷಿದ್ಧ. ರಾಯಚೂರಿನವರು ಬಳ್ಳಾರಿಯವರಿಗೆ ಫೈಲ್ ಕಳಿಸಿ ಬರೆದು ಕೊಡಿ ಅಂತ ಕೇಳಬಹುದು, ಗುರುತಿಲ್ಲದವರು ಹೆಚ್ಚು ನಿಜ ಹೇಳುತ್ತಾರೆ.

ಪಾಸ್‌ಪೋರ್ಟ್ ಮಾತ್ರ ಎಲ್ಲರೂ ಈಗಲೇ ಮಾಡಿಸಿ. ದೊಡ್ಡವರಿಗೆ 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ ₹1,500. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಹಾಕಬಹುದು, ತಡ ಅಂದರೆ 15 ದಿನ ಮುಂಚೆ. ಆಯ್ಕೆಯ ಪತ್ರ ಬಂದಮೇಲೆ ಪಾಸ್‌ಪೋರ್ಟ್‌ಗೆ ಓಡಾಡಲು ಶುರು ಮಾಡಿದರೆ ಪೊಲೀಸ್ ವೆರಿಫಿಕೇಶನ್ ಮುಗಿಯುವುದರೊಳಗೆ ಸಮಾವೇಶ ಮುಗಿದಿರುತ್ತದೆ.